ಹಳೇ ಡೀಸೆಲ್ ಪಿಕಪ್ ಕೊಳ್ಳುವ ಮುನ್ನ: ಕರಾವಳಿ ಮತ್ತು ಘಟ್ಟದವರಿಗೆ ಒಂದು ಮಾರ್ಗದರ್ಶಿ

ಹಳೇ ಪಿಕಪ್ ನೋಡಲು ಹೋದವರ ಕಣ್ಣು ಮೊದಲು ಹೋಗುವುದು ಮೀಟರಿನ ಮೇಲೆ. ಎಷ್ಟು ಓಡಿದೆ, ಯಾವ ವರ್ಷದ್ದು, ಎಷ್ಟನೇ ಓನರ್, ಇಷ್ಟು ಕೇಳಿ ರೇಟಿಗೆ ಕೂತುಬಿಡುತ್ತಾರೆ. ಬಯಲುಸೀಮೆಯಲ್ಲಾದರೆ ಅಷ್ಟರಲ್ಲೇ ಅರ್ಧ ಲೆಕ್ಕ ಸಿಕ್ಕೀತು. ಕಾರವಾರದಿಂದ ಭಟ್ಕಳದವರೆಗಿನ ಕರಾವಳಿಯಲ್ಲಿ, ಮೇಲೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಆ ಲೆಕ್ಕ ಸಾಲದು. ಇಲ್ಲಿ ಗಾಡಿಯನ್ನು ತಿನ್ನುವುದು ಉಪ್ಪುನೀರು, ನಾಲ್ಕು ತಿಂಗಳ ಮಳೆ, ಘಟ್ಟದ ಇಳುಕಲು ಮತ್ತು ಮಿತಿ ಮೀರಿದ ಲೋಡು. 50,000 ಕಿಲೋಮೀಟರ್ ಓಡಿ ಮೀನು ಹೊತ್ತ ಗಾಡಿಗಿಂತ 1,50,000 ಓಡಿ ಅಡಿಕೆ ಚೀಲ ಹೊತ್ತ ಗಾಡಿ ಎಷ್ಟೋ ಮೇಲು. ಹಾಗಾಗಿ ಮಾರುವವರಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ ಇದು: ಇಷ್ಟು ದಿನ ಈ ಗಾಡಿ ಏನು ಹೊತ್ತಿದೆ?

ಎಂಜಿನ್ ಸವೆದರೆ ಬಿಚ್ಚಿ ಹೊಸ ರಿಂಗ್, ಬೇರಿಂಗ್ ಹಾಕಿ ಕಟ್ಟಬಹುದು. ಗೇರ್‌ಬಾಕ್ಸ್ ಬದಲಿಸಬಹುದು. ತುಕ್ಕು ಹಿಡಿದು ತೆಳುವಾದ ಚಾಸಿಸ್ಸಿಗೆ, ಅಂದರೆ ಗಾಡಿಯನ್ನೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟಿಗೆ, ಮಾತ್ರ ಮದ್ದಿಲ್ಲ. ಮೇಲಿಂದ ಪಟ್ಟಿ ಬೆಸೆದು ಪೇಂಟ್ ಹೊಡೆದರೆ ಎರಡು ಮಳೆಗಾಲ ದಾಟೀತು, ಅಷ್ಟೆ. ಈ ಲೇಖನದಲ್ಲಿ ಎಂಜಿನ್ನಿಗಿಂತ ಗಾಡಿಯ ಅಡಿಭಾಗಕ್ಕೆ ಹೆಚ್ಚು ಜಾಗ ಕೊಟ್ಟಿರುವುದು ಅದೇ ಕಾರಣಕ್ಕೆ.

ಮೊದಲು ನಿಮ್ಮ ಕೆಲಸ ತಿಳಿದುಕೊಳ್ಳಿ

ತೋಟದಿಂದ ಮನೆಗೆ, ಮನೆಯಿಂದ ಪೇಟೆಗೆ ಗೊಬ್ಬರ, ಬಾಳೆಗೊನೆ, ಅಡಿಕೆ ಸಾಗಿಸಲು ಬೇಕಾದ ಗಾಡಿ ಬೇರೆ. ದಿನಾ ಬಾಡಿಗೆ ಹೊಡೆಯಲು ಬೇಕಾದ ಗಾಡಿ ಬೇರೆ. 702 ಸಿಸಿಯ ಎರಡು ಸಿಲಿಂಡರಿನ ಟಾಟಾ ಏಸ್ ಊರೊಳಗಿನ ಓಡಾಟಕ್ಕೆ ಸಾಕು, ಖರ್ಚೂ ಕಡಿಮೆ. ಆದರೆ ಪೂರ್ತಿ ಲೋಡಿನಲ್ಲಿ ವಾರಕ್ಕೆ ನಾಲ್ಕು ಸಲ ದೇವಿಮನೆ ಘಟ್ಟ ಹತ್ತಬೇಕೆಂದರೆ ಅದಕ್ಕೆ ಉಸಿರು ಸಾಲದು. ಅಶೋಕ್ ಲೇಲ್ಯಾಂಡ್ ದೋಸ್ತ್ ಮೂರು ಸಿಲಿಂಡರಿನ ಸುಮಾರು ಒಂದೂವರೆ ಲೀಟರ್ ಎಂಜಿನ್ನಿನ ಗಾಡಿ, ನಡುವಿನ ಕೆಲಸಕ್ಕೆ ಒಳ್ಳೆಯದು. ಮಹೀಂದ್ರಾ ಬೊಲೆರೊ ಪಿಕಪ್ಪಿನ 2523 ಸಿಸಿ ಎಂಜಿನ್ ಘಟ್ಟಕ್ಕೂ ಮಣ್ಣಿನ ರಸ್ತೆಗೂ ಒಗ್ಗಿದ್ದು. ಅದರ ಸ್ಪೇರ್ ಸಿಗುವುದು ಸುಲಭ, ಕೈಯಾಡಿಸಿದ ಮೆಕ್ಯಾನಿಕ್ಕುಗಳೂ ಹೆಚ್ಚು. ಹಳ್ಳಿಯಲ್ಲಿ ಇರುವವರಿಗೆ ನನ್ನ ಸಲಹೆ ಇಷ್ಟೆ: ನಿಮ್ಮ ಊರಿನ ಗ್ಯಾರೇಜಿನವರಿಗೆ ಪರಿಚಯವಿರುವ ಗಾಡಿಯನ್ನೇ ಕೊಳ್ಳಿ. ಅಪರೂಪದ ಮಾಡೆಲ್ ಸೋವಿಯಾಗಿ ಸಿಕ್ಕಿತೆಂದು ತಂದರೆ, ಒಂದು ಸಣ್ಣ ಸೆನ್ಸರಿಗಾಗಿ ಜುಲೈ ಮಳೆಯಲ್ಲಿ ವಾರಗಟ್ಟಲೆ ಗಾಡಿ ನಿಲ್ಲುತ್ತದೆ.

ಇನ್ನೊಂದು ವಿಷಯ ಗಾಡಿಯ ಹೊಗೆಗೆ ಸರ್ಕಾರ ಇಟ್ಟ ಮಿತಿ, ಅಂದರೆ ಬಿಎಸ್ ಮಾನದಂಡ. 2017ರ ಏಪ್ರಿಲ್‌ನಿಂದ ದೇಶಕ್ಕೆಲ್ಲ ಬಿಎಸ್-4, 2020ರ ಏಪ್ರಿಲ್‌ನಿಂದ ಬಿಎಸ್-6 ಬಂತು. ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಸಾಮಾನ್ಯ. ಸೈಲೆನ್ಸರ್ ಚೆನ್ನಾಗಿ ಬಿಸಿಯಾದಾಗ ಮಾತ್ರ ಅದರೊಳಗಿನ ಮಸಿ ಸುಟ್ಟು ಹೋಗುತ್ತದೆ. ದಿನಾ ಮನೆಯಿಂದ ಸೊಸೈಟಿಗೆ ಮೂರು ಕಿಲೋಮೀಟರ್ ಹೋಗಿ ಬರುವ ಗಾಡಿಯಲ್ಲಿ ಮಸಿ ಕಟ್ಟಿಕೊಂಡು ಎಂಜಿನ್ ಲೈಟ್ ಹತ್ತುತ್ತದೆ. ಓಡಾಟ ಕಡಿಮೆ ಇರುವ ತೋಟಿಗರಿಗೆ ಚೆನ್ನಾಗಿಟ್ಟ ಬಿಎಸ್-4 ಗಾಡಿ ತಲೆನೋವು ಕಡಿಮೆ. ಬಿಎಸ್-6 ಕೊಳ್ಳುವುದಾದರೆ ಹಿಂದಿನವರು ಡಿಪಿಎಫ್ ಕಿತ್ತು ಬರೀ ಪೈಪ್ ಬೆಸೆದಿದ್ದಾರೆಯೇ ನೋಡಿ. ಅದು ಕಾನೂನಿಗೆ ವಿರುದ್ಧ, ಮತ್ತು ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್) ಮಾಡಿಸುವ ಸಮಯದಲ್ಲಿ ಸಿಕ್ಕಿಬೀಳುವುದು ನೀವು.

ಏನು ಹೊತ್ತ ಗಾಡಿ ಎಂದು ಗುರುತಿಸುವುದು

ಮಾರುವವರು ಎಲ್ಲರೂ ಹೇಳುವುದು ಒಂದೇ ಮಾತು: "ಮನೆ ಗಾಡಿ ಮಾರಾಯ್ರೆ, ಬಾಡಿಗೆ ಹೊಡೆದದ್ದೇ ಇಲ್ಲ." ಇರಬಹುದು. ಗಾಡಿಯೂ ತನ್ನ ಕತೆ ಹೇಳುತ್ತದೆ, ಅದನ್ನೂ ಕೇಳಿ.

ಮೀನಿನ ಗಾಡಿಯನ್ನು ಎಷ್ಟು ತೊಳೆದರೂ ಹಿಂಬದಿಯ ಬಾಡಿಯ ಮೂಲೆಯಲ್ಲಿ ವಾಸನೆ ಉಳಿಯುತ್ತದೆ. ವಾಸನೆ ಹೋಗಿದ್ದರೂ ತುಕ್ಕು ಇರುತ್ತದೆ. ಬೈತಖೋಲ, ತದಡಿ, ಹೊನ್ನಾವರ, ಭಟ್ಕಳದ ಬಂದರುಗಳಿಂದ ಐಸ್ ತುಂಬಿ ಹೊರಟ ಗಾಡಿಯಲ್ಲಿ ದಾರಿಯುದ್ದಕ್ಕೂ ಐಸ್ ಕರಗಿ ಉಪ್ಪುನೀರು ಸೋರುತ್ತದೆ. ಅದು ಇಳಿಯುವುದು ಬಾಡಿಯ ತಗಡಿನ ಸಂದಿನಿಂದ ಚಾಸಿಸ್ಸಿನ ಮೇಲೆ, ಹಿಂದಿನ ಪ್ಲೇಟಿನ (ಭಾರ ಹೊರುವ ಸ್ಪ್ರಿಂಗ್ ಪಟ್ಟಿಗಳ) ಮೇಲೆ, ಬ್ರೇಕ್ ಪೈಪಿನ ಮೇಲೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆ ನಿಷೇಧ ಇರುತ್ತದೆ. ಆ ಹೊತ್ತಿಗೆ ಹೊಸ ಪೇಂಟಿನಲ್ಲಿ ಮಾರಾಟಕ್ಕೆ ನಿಂತ ಕರಾವಳಿಯ ಗಾಡಿಯನ್ನು ಎರಡು ಪಟ್ಟು ಗಮನವಿಟ್ಟು ನೋಡಿ.

ಚಿರೆಕಲ್ಲು, ಮರಳು, ಜಲ್ಲಿ ಹೊತ್ತ ಗಾಡಿಯ ಗುರುತು ಬೇರೆ. ಬಾಡಿಯ ನೆಲದ ತಗಡು ಗುಳಿಬಿದ್ದಿರುತ್ತದೆ, ಹಿಂಬಾಗಿಲು ಸೊಟ್ಟಗಾಗಿರುತ್ತದೆ. ಸಮತಟ್ಟಾದ ಜಾಗದಲ್ಲಿ ಖಾಲಿ ಗಾಡಿ ನಿಲ್ಲಿಸಿ ಹಿಂದಿನಿಂದ ನೋಡಿ. ಹಿಂದಿನ ಪ್ಲೇಟು ಬಹುತೇಕ ನೇರವಾಗಿದ್ದರೆ ಅಥವಾ ಗಾಡಿ ಒಂದು ಬದಿಗೆ ವಾಲಿದ್ದರೆ ಬಹಳ ದಿನ ಹೆಚ್ಚು ಭಾರ ಹೊತ್ತಿದೆ ಎಂದೇ ಅರ್ಥ. ಕಂಪನಿ ಕೊಟ್ಟದ್ದಕ್ಕಿಂತ ಹೆಚ್ಚು ಪ್ಲೇಟು ಸೇರಿಸಿದ್ದರೂ ಅದೇ ಅರ್ಥ.

ಇನ್ನು ನೆರೆನೀರು. 2019ರ ಆಗಸ್ಟ್‌ನಲ್ಲಿ ಗಂಗಾವಳಿ, ಕಾಳಿ ನದಿಗಳು ಉಕ್ಕಿ ಅಂಕೋಲಾ, ಕಾರವಾರದ ಹಳ್ಳಿಗಳೊಳಗೆ ನೀರು ಹೊಕ್ಕಿತ್ತು, 2021ರ ಜುಲೈನಲ್ಲಿ ಮತ್ತೆ. ಅಂಥ ನೀರಿನಲ್ಲಿ ಮುಳುಗಿದ ಗಾಡಿಗಳನ್ನೂ ಒಣಗಿಸಿ ಮಾರುವವರಿದ್ದಾರೆ. ಸೀಟು ಎತ್ತಿ ಅದರ ಕೆಳಗಿನ ಬೋಲ್ಟ್ ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೊನೆಯ ಮೊಳದಲ್ಲಿ ಕೆಸರಿನ ಗೆರೆ ಇದೆಯೇ ನೋಡಿ, ಹೆಡ್‌ಲೈಟಿನ ಒಳಗೆ, ಫ್ಯೂಸ್ ಬಾಕ್ಸಿನ ಮೂಲೆಯಲ್ಲಿ ನುಣ್ಣನೆಯ ಮಣ್ಣು ಕೂತಿದೆಯೇ ನೋಡಿ. ಡಿಫರೆನ್ಷಿಯಲ್ (ಹಿಂದಿನ ಆಕ್ಸಲ್ ನಡುವಿನ ಗೇರ್ ಗುಂಡು) ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಅದರೊಳಗೆ ನೀರು ಹೋಗಿದೆ.

ಗಾಡಿಯ ಅಡಿಗೆ ಹೋಗಿ

ಹಗಲು ಹೊತ್ತಿನಲ್ಲೇ ಹೋಗಿ, ಮಳೆ ಬೀಳುವಾಗ ಗಾಡಿ ನೋಡಬೇಡಿ. ಒದ್ದೆ ಗಾಡಿ ಎಲ್ಲವೂ ಹೊಸದರಂತೆ ಹೊಳೆಯುತ್ತದೆ. ಹಳೇ ಗೋಣಿಚೀಲ, ಟಾರ್ಚ್, ಸಣ್ಣ ಸುತ್ತಿಗೆ, ಒಂದು ಸ್ಕ್ರೂಡ್ರೈವರ್ ಜೊತೆಗಿರಲಿ. ಸಾಧ್ಯವಾದರೆ ಗ್ಯಾರೇಜಿನ ರ‍್ಯಾಂಪಿಗೆ ಹತ್ತಿಸಿ. ಬರೀ ಜಾಕಿನ ನಂಬಿಕೆಯಲ್ಲಿ ಗಾಡಿಯ ಅಡಿಗೆ ಯಾವತ್ತೂ ನುಗ್ಗಬೇಡಿ; ಪಿಕಪ್ಪಿನ ಕೆಳಗೆ ಜಾಗ ಇರುತ್ತದೆ, ಜಾಕ್ ಇಲ್ಲದೆಯೇ ಚಕ್ರಕ್ಕೆ ಕಲ್ಲು ಕೊಟ್ಟು ಮಲಗಿ ನೋಡಬಹುದು.

ಮುಂದಿನಿಂದ ಹಿಂದಕ್ಕೆ ಚಾಸಿಸ್ಸಿನ ಎರಡೂ ಉದ್ದದ ತೊಲೆಗಳನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಠಣ್ ಎಂದು ದನಿ ಕೊಡುತ್ತದೆ, ಸುತ್ತಿಗೆ ಪುಟಿಯುತ್ತದೆ. ಒಳಗೆ ತುಕ್ಕು ಪದರ ಕಟ್ಟಿದ ಜಾಗದಲ್ಲಿ ದನಿ ಮಂಕಾಗಿ ಡಬ್ ಎನ್ನುತ್ತದೆ, ಕೆಂಪು ಹುಡಿ ಉದುರುತ್ತದೆ. ಅಲ್ಲಿ ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿ. ಮೇಲ್ಪದರ ಮಾತ್ರ ಎದ್ದು ಬಂದು ಕೆಳಗೆ ಬೆಳ್ಳನೆಯ ಕಬ್ಬಿಣ ಕಂಡರೆ ಕೆರೆದು ಪೇಂಟ್ ಹೊಡೆಸಿದರೆ ಸಾಕು. ತುದಿ ಒಳಗೆ ಇಳಿದರೆ, ಅಥವಾ ಅಂಗೈಯಗಲದ ಚಕ್ಕೆಗಳೇ ಕಳಚಿ ಬಂದರೆ, ಸುತ್ತಿಗೆ ಚೀಲಕ್ಕೆ ಹಾಕಿ ವಾಪಸು ಬನ್ನಿ. ರೇಟು ಎಷ್ಟೇ ಇಳಿಸಲಿ, ಆ ಗಾಡಿ ಬೇಡ.

ಹೆಚ್ಚು ಹೊತ್ತು ಕೊಡಬೇಕಾದ ಜಾಗಗಳು ಕೆಲವಿವೆ. ಹಿಂದಿನ ಪ್ಲೇಟು ಚಾಸಿಸ್ಸಿಗೆ ಕೂರುವ ಬ್ರಾಕೆಟ್ಟು, ಅದರ ಸುತ್ತಲಿನ ರಿವೆಟ್ಟುಗಳು, ಕ್ಯಾಬಿನ್ನಿನ ಹಿಂಬದಿಯಲ್ಲಿ ಬಾಡಿ ಶುರುವಾಗುವ ಜಾಗ, ಅಡ್ಡ ತೊಲೆಗಳು ಕೂಡುವ ಮೂಲೆಗಳು. ಹೆಚ್ಚು ಭಾರ ಹೊತ್ತ ಗಾಡಿ ಬಿರುಕು ಬಿಡುವುದು ಇಲ್ಲೇ. ಬಿರುಕು ಕೂದಲೆಳೆಯಷ್ಟು ಸಣ್ಣದಿರುತ್ತದೆ, ಅದರ ಉದ್ದಕ್ಕೂ ತುಕ್ಕಿನ ಕಂದು ಗೆರೆ ಇಳಿದಿರುತ್ತದೆ. ಕಂಪನಿಯ ವೆಲ್ಡಿಂಗ್ ಸಮವಾಗಿ, ಒಂದೇ ಅಗಲಕ್ಕೆ ಇರುತ್ತದೆ. ಆಮೇಲೆ ಬೆಸೆದದ್ದು ಉಬ್ಬುತಗ್ಗಾಗಿ, ಸುತ್ತ ಸುಟ್ಟ ಕಲೆಯೊಂದಿಗೆ ಕಾಣುತ್ತದೆ. ಇಡೀ ಅಡಿಭಾಗಕ್ಕೆ ಮೊನ್ನೆ ಮೊನ್ನೆ ದಪ್ಪನೆ ಕಪ್ಪು ಕೋಟಿಂಗ್ ಹೊಡೆಸಿದ್ದರೆ ಅದನ್ನು ಒಳ್ಳೆಯ ಲಕ್ಷಣ ಎಂದುಕೊಳ್ಳಬೇಡಿ. ಎರಡು ಮೂರು ಕಡೆ ಕೆರೆದು ನೋಡಲು ಬಿಡಿ ಎಂದು ಕೇಳಿ. ಬಿಡದಿದ್ದರೆ ಉತ್ತರ ಸಿಕ್ಕಿದಂತೆಯೇ.

ಬ್ರೇಕ್ ಪೈಪನ್ನು ಬೆರಳಲ್ಲಿ ಸವರುತ್ತಾ ಹಿಂದಿನ ಆಕ್ಸಲ್‌ವರೆಗೂ ಹೋಗಿ. ಕಬ್ಬಿಣದ ಈ ಸಣ್ಣ ಪೈಪು ಕ್ಲಿಪ್ಪಿನ ಕೆಳಗೆ, ಕೆಸರು ಕೂರುವ ಜಾಗದಲ್ಲಿ ಗುಳ್ಳೆ ಗುಳ್ಳೆಯಾಗಿ ತುಕ್ಕು ಹಿಡಿಯುತ್ತದೆ. ನೋಡಲು ಸಣ್ಣ ವಿಷಯ. ಅರಬೈಲ್ ಘಟ್ಟ ಇಳಿಯುವಾಗ ಒಡೆಯುವುದೂ ಇದೇ. ಪೈಪು ಬದಲಿಸುವ ಖರ್ಚು ದೊಡ್ಡದಲ್ಲ, ರೇಟಿನಲ್ಲಿ ಕಳೆದುಕೊಂಡು ಗಾಡಿ ಮನೆಗೆ ತರುವ ಮೊದಲೇ ಹಾಕಿಸಿ.

ಅಲ್ಲೇ ಇರುವಾಗ ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ. ಅದರ ತುದಿಯ ಕೀಲಾದ ಕ್ರಾಸಿನಲ್ಲಿ ಟಕ್ ಟಕ್ ಆಟ ಇದ್ದರೆ ಬದಲಿಸಬೇಕು. ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಕೆಳಗೆ ಎಣ್ಣೆ ಹನಿ ತೂಗುತ್ತಿದೆಯೇ ನೋಡಿ. ಹಳೇ ಗಾಡಿಯಲ್ಲಿ ತುಸು ಜಿಡ್ಡು ಸಹಜ, ಹನಿ ಬೀಳುತ್ತಿದ್ದರೆ ಸೀಲು ಹೋಗಿದೆ.

ತಣ್ಣಗಿರುವಾಗ ಎಂಜಿನ್ ಸ್ಟಾರ್ಟ್ ಮಾಡಿ

"ನಾವು ಬಂದ ಮೇಲೆಯೇ ಸ್ಟಾರ್ಟ್ ಮಾಡಿ" ಎಂದು ಹಿಂದಿನ ದಿನವೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬಿಸಿ ಇದ್ದರೆ ಮೊದಲೇ ಓಡಿಸಿದ್ದಾರೆ, ಚಹಾ ಕುಡಿದು ಗಂಟೆ ಎರಡು ಗಂಟೆ ಕಾಯಿರಿ. ಬಿಸಿ ಡೀಸೆಲ್ ಎಂಜಿನ್ ತನ್ನ ಅರ್ಧ ರೋಗ ಮುಚ್ಚಿಡುತ್ತದೆ.

ಆರೋಗ್ಯದ ಎಂಜಿನ್ ಸೆಲ್ಫ್ ಹೊಡೆದ ಎರಡು ಮೂರು ಸೆಕೆಂಡಿಗೆ ಹಿಡಿಯುತ್ತದೆ. ಶಿರಸಿಯ ಚಳಿಗಾಲದ ಬೆಳಿಗ್ಗೆ ಶುರುವಿನಲ್ಲಿ ಕೊಂಚ ಬಿಳಿ ಹೊಗೆ ಬಂದರೆ ಚಿಂತೆಯಿಲ್ಲ. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಸರಿಯಿಲ್ಲ, ಅಥವಾ ಕೂಲಂಟ್ ಸಿಲಿಂಡರಿನೊಳಗೆ ಇಳಿಯುತ್ತಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ ಸುಡುತ್ತಿದೆ. ಆಕ್ಸಲರೇಟರ್ ಒತ್ತಿದಾಗ ಕಪ್ಪು ಹೊಗೆ ಬಂದರೆ ಏರ್ ಫಿಲ್ಟರ್ ಕಟ್ಟಿರುವುದರಿಂದ ಹಿಡಿದು ಟರ್ಬೋ, ಇಂಜೆಕ್ಟರ್‌ವರೆಗೆ ಯಾವುದೂ ಇರಬಹುದು. ಫಿಲ್ಟರ್ ಬದಲಿಸಿದರೆ ಸರಿಹೋಗುತ್ತದೆ ಎಂಬ ಮಾತನ್ನು ಫಿಲ್ಟರ್ ಬದಲಿಸಿ ತೋರಿಸಿದ ಮೇಲೆ ನಂಬಿ.

ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಓಡುತ್ತಿರುವಾಗಲೇ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ, ಮಗುಚಿ ಅದೇ ಬಾಯಿಯ ಮೇಲಿಡಿ. ಮುಚ್ಚಳ ಸಣ್ಣಗೆ ನಡುಗಿದರೆ ಸರಿ. ಬುಸ್ ಬುಸ್ ಎಂದು ಹೊಗೆ ಬಂದು ಮುಚ್ಚಳವನ್ನೇ ಆಚೆ ತಳ್ಳಿದರೆ ರಿಂಗ್, ಬೋರ್ ಸವೆದಿವೆ. ಎಂಜಿನ್ ಕೆಲಸ ಬಂತು ಎಂದೇ ಲೆಕ್ಕ ಹಾಕಿ ರೇಟು ಮಾತಾಡಿ. ಮುಚ್ಚಳದ ಒಳಮೈಯಲ್ಲಿ ಬೆಣ್ಣೆಯಂಥ ಬಿಳಿ ಜಿಡ್ಡು ದಪ್ಪಗೆ ಕೂತಿದ್ದರೆ ಆಯಿಲಿಗೆ ನೀರು ಸೇರುತ್ತಿರಬಹುದು. ರೇಡಿಯೇಟರ್ ಮುಚ್ಚಳ ತೆಗೆದು ನೋಡುವುದಿದ್ದರೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಮಾತ್ರ. ನೀರಿನ ಮೇಲೆ ಎಣ್ಣೆ ತೇಲಬಾರದು.

ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರಿಗೂ ಭಾರಿ ಒತ್ತಡದಲ್ಲಿ ಡೀಸೆಲ್ ಕೊಡುವ ಕಾಮನ್ ರೈಲ್ ಎಂಜಿನ್ನಿನಲ್ಲಿ ಡೀಸೆಲ್ ಸೋರುವ ಜಾಗವನ್ನು ಬೆರಳಿಟ್ಟು ಹುಡುಕಬೇಡಿ. ಆ ಪೈಪಿನಲ್ಲಿ 1,000 ಬಾರ್‌ಗೂ ಮೀರಿದ ಒತ್ತಡ ಇರುತ್ತದೆ, ಸಣ್ಣ ತೂತಿನಿಂದ ಚಿಮ್ಮಿದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಬಿಎಸ್-4 ಮತ್ತು ಆನಂತರದ ಗಾಡಿಗಳಿಗೆ ಗ್ಯಾರೇಜಿನಲ್ಲಿ ಎಂಜಿನ್ ದೋಷ ಓದುವ ಸ್ಕ್ಯಾನರ್ ಹಾಕಿಸಿ. ಮೀಟರಿನ ಎಂಜಿನ್ ಲೈಟ್ ಆರಿಸಿ ತೋರಿಸಬಹುದು. ಕೀ ಆನ್ ಮಾಡಿದಾಗ ಆ ಲೈಟ್ ಹತ್ತಿ ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತುವುದೇ ಇಲ್ಲವೆಂದರೆ ಬಲ್ಬನ್ನೇ ತೆಗೆದಿರಬಹುದು.

ಏರಿನಲ್ಲಿ, ಲೋಡಿನಲ್ಲಿ ಓಡಿಸಿ

ಹೆದ್ದಾರಿ 66ರ ಚತುಷ್ಪಥದ ಮೇಲೆ ಖಾಲಿ ಗಾಡಿ ಓಡಿಸಿದರೆ ಎಲ್ಲ ಪಿಕಪ್ಪೂ ಚೆನ್ನಾಗಿಯೇ ಓಡುತ್ತದೆ. ಹತ್ತಿರದ ಏರು ಹುಡುಕಿ. ಸಾಧ್ಯವಿದ್ದರೆ ಹಿಂದೆ ಹತ್ತಿಪ್ಪತ್ತು ಚೀಲ ಗೊಬ್ಬರವೋ ಸಿಮೆಂಟೋ ಇರಲಿ. ಏರಿನಲ್ಲಿ ನಾಲ್ಕನೇ ಗೇರಿಗೆ ಹಾಕಿ ಆಕ್ಸಲರೇಟರ್ ಪೂರ್ತಿ ಒತ್ತಿ; ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ. ಇಳುಕಲಿನಲ್ಲಿ ಎರಡನೇ, ಮೂರನೇ ಗೇರಿನಲ್ಲಿ ಆಕ್ಸಲರೇಟರ್ ಬಿಟ್ಟಾಗ ಗೇರ್ ತಾನಾಗಿ ಹೊರಗೆ ಹಾರಬಾರದು. ಸಮತಟ್ಟಿನಲ್ಲಿ 60ರ ವೇಗದಲ್ಲಿ ಹಿಂದಿನಿಂದ ಊಳಿಡುವ ಸದ್ದು ಬಂದು ಆಕ್ಸಲರೇಟರ್ ಬಿಟ್ಟಾಗ ಬದಲಾದರೆ ಡಿಫರೆನ್ಷಿಯಲ್ ಕಡೆ ಬೆರಳು ತೋರಿಸಿ. ಏರು ಮುಗಿದ ಮೇಲೆ ಟೆಂಪರೇಚರ್ ಮುಳ್ಳು ಎಲ್ಲಿದೆ ನೋಡಿ. ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದು ಇಳಿಜಾರಿನಲ್ಲಿ ಗಾಡಿ ಹಿಡಿಯುತ್ತದೆಯೇ ನೋಡಿ. ಖಾಲಿ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯಬಾರದು.

ಟೈರಿನ ಗೋಡೆಯ ಮೇಲೆ ನಾಲ್ಕು ಅಂಕಿ ಅಚ್ಚಾಗಿರುತ್ತದೆ. 3221 ಎಂದಿದ್ದರೆ 2021ರ 32ನೇ ವಾರದಲ್ಲಿ ತಯಾರಾದದ್ದು. ನೆಲಕ್ಕೆ ತಾಗುವ ಮೈಯ ಗುಂಡಿ (ಬಟನ್) ಚೆನ್ನಾಗಿದ್ದರೂ ಗೋಡೆ ಬಿರುಕು ಬಿಟ್ಟ ಹಳೇ ಟೈರು ಲೋಡಿನಲ್ಲಿ ಒಡೆಯುತ್ತದೆ. ಮುಂದಿನ ಟೈರು ಒಳಬದಿ ಅಥವಾ ಹೊರಬದಿ ಮಾತ್ರ ಸವೆದಿದ್ದರೆ ಅಲೈನ್‌ಮೆಂಟ್ ತಪ್ಪಿದೆ, ಇಲ್ಲವೇ ಬಾಲ್ ಜಾಯಿಂಟ್ ಹೋಗಿದೆ.

ಕಾಗದಪತ್ರ

ಗಾಡಿ ಮನಸ್ಸಿಗೆ ಬಂದ ಮೇಲೂ ಅಡ್ವಾನ್ಸ್ ಕೊಡುವ ಮುನ್ನ ಇದೊಂದು ಕೆಲಸ. ಸರ್ಕಾರದ ಪರಿವಾಹನ್ ತಾಣದಲ್ಲಿ ಗಾಡಿ ನಂಬರ್ ಹಾಕಿ ಎಫ್‌ಸಿ, ಇನ್ಶೂರೆನ್ಸ್, ತೆರಿಗೆ ಎಲ್ಲಿಯವರೆಗಿದೆ, ಫೈನಾನ್ಸ್ ಬಾಕಿ ಇದೆಯೇ, ಚಲನ್ ಬಾಕಿ ಇದೆಯೇ ನೋಡಿ. ಆರ್‌ಸಿಯಲ್ಲಿರುವ ಚಾಸಿಸ್ ನಂಬರನ್ನು ಚಾಸಿಸ್ ಮೇಲೆ ಅಚ್ಚೊತ್ತಿದ ನಂಬರಿನೊಂದಿಗೆ ಒಂದೊಂದೇ ಅಕ್ಷರ ಕೂಡಿಸಿ ನೋಡಿ. ಕರಾವಳಿಯ ಗಾಡಿಗಳಲ್ಲಿ ತುಕ್ಕಿನಿಂದ ಈ ನಂಬರೇ ಅಳಿಸಿ ಹೋಗಿರುವುದುಂಟು. ಓದಲಾಗದ ನಂಬರಿನ ಗಾಡಿಯನ್ನು ಪಾಸಿಂಗ್ ಮಾಡಿಸಲು ಹೋದಾಗ ಕಷ್ಟ, ಅದನ್ನು ಮಾರುವವರೇ ಸರಿಮಾಡಿಸಿ ಕೊಡಲಿ.

ಫೈನಾನ್ಸ್ ತೀರಿದ್ದರೆ ಬರೀ ಬಾಯಿಮಾತು ಸಾಲದು. ಫೈನಾನ್ಸ್‌ನವರ ಎನ್‌ಒಸಿ (ಆಕ್ಷೇಪವಿಲ್ಲ ಎಂಬ ಪತ್ರ) ಮತ್ತು ಫಾರ್ಮ್ 35 ಬೇಕು, ಆರ್‌ಸಿಯಿಂದ ಎಚ್‌ಪಿ, ಅಂದರೆ ಗಾಡಿಯ ಮೇಲೆ ಸಾಲವಿದೆ ಎಂಬ ನಮೂದು, ತೆಗೆಸಿರಬೇಕು. ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಮಾಲೀಕರು ತೀರಿಕೊಂಡಿದ್ದರೆ ಮೊದಲು ವಾರಸುದಾರರ ಹೆಸರಿಗೆ ಫಾರ್ಮ್ 31ರಲ್ಲಿ ಆಗಬೇಕು. ಮೋಟಾರು ವಾಹನ ಕಾಯ್ದೆಯ ಪ್ರಕಾರ ರಾಜ್ಯದೊಳಗೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ನಮ್ಮಲ್ಲಿ ಸಹಿ ಮಾಡಿದ ಖಾಲಿ ಫಾರ್ಮ್ ಕೈಯಿಂದ ಕೈಗೆ ದಾಟುತ್ತಾ ಮೂರನೆಯವರ ಹತ್ತಿರ ಗಾಡಿ ಇದ್ದರೂ ಆರ್‌ಸಿಯಲ್ಲಿ ಮೊದಲನೆಯವರ ಹೆಸರೇ ಉಳಿದಿರುತ್ತದೆ. ಅಂಥ ಗಾಡಿ ಕೊಂಡರೆ ಮೊದಲನೆಯವರನ್ನು ಹುಡುಕಿಕೊಂಡು ಅಲೆಯುವುದು ನಿಮ್ಮ ಪಾಲಿಗೆ. ಮಾರುವವರಿಗೂ ಇದು ಅಪಾಯವೇ: ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಗಾಡಿಗಳು ಕೆಎ-30 ಕಾರವಾರ, ಕೆಎ-31 ಶಿರಸಿ, ಕೆಎ-47 ಹೊನ್ನಾವರ, ಕೆಎ-65 ದಾಂಡೇಲಿ. ಕಾರವಾರದವರಿಗೆ ಗಡಿಯಾಚೆಯ ಗೋವಾ ಗಾಡಿ ಸೋವಿಯಾಗಿ ಕಾಣಬಹುದು. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರ್ಮ್ 28ರ ಎನ್‌ಒಸಿ ಬೇಕು, ಇಲ್ಲಿ ಕರ್ನಾಟಕದ ತೆರಿಗೆ ಕಟ್ಟಬೇಕು, ಹೊಸ ನಂಬರ್ ಪಡೆಯಬೇಕು. ಬೇರೆ ರಾಜ್ಯದ ಗಾಡಿಯನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಟ್ಟುಕೊಂಡು ಹಳೇ ನಂಬರಿನಲ್ಲೇ ಓಡಿಸುವಂತಿಲ್ಲ. ತೆರಿಗೆ ಎಷ್ಟಾಗುತ್ತದೆಂದು ಆರ್‌ಟಿಒದಲ್ಲೇ ಕೇಳಿ, ಕೂಡಿಸಿ ನೋಡಿ. ಬಹಳ ಸಲ ಇಲ್ಲಿನ ಗಾಡಿಯ ರೇಟಿಗೇ ಬಂದು ನಿಲ್ಲುತ್ತದೆ.

ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎಫ್‌ಸಿ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಎಂಟು ವರ್ಷದ ಹೊಸ್ತಿಲಲ್ಲಿರುವ ಗಾಡಿ ಕೊಳ್ಳುವಾಗ ಈ ಖರ್ಚು ಲೆಕ್ಕಕ್ಕಿರಲಿ. ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಪರ್ಮಿಟ್ ಬೇಡ, ಮೀರಿದರೆ ಬೇಕು. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ನೋಡಿಕೊಳ್ಳಿ. ಲೈಸೆನ್ಸ್ ವಿಷಯದಲ್ಲಿ, 7,500 ಕಿಲೋ ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ (ಹಗುರ ವಾಹನ) ಲೈಸೆನ್ಸ್ ಇದ್ದವರು ಓಡಿಸಬಹುದೆಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿದೆ.

ಗಾಡಿ ಕೊಂಡ 14 ದಿನದೊಳಗೆ ಇನ್ಶೂರೆನ್ಸನ್ನು ನಿಮ್ಮ ಹೆಸರಿಗೆ ಮಾಡಿಸಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ ಅವರದ್ದೇ, ಗಾಡಿಯ ಜೊತೆ ನಿಮಗೆ ಬರುವುದಿಲ್ಲ.

ರೇಟಿನ ಬಗ್ಗೆ ಒಂದೇ ಮಾತು. ಕೈಯಲ್ಲಿರುವ ಹಣವನ್ನೆಲ್ಲ ಗಾಡಿಗೇ ಸುರಿಯಬೇಡಿ. ಏಳರಲ್ಲಿ ಒಂದು ಪಾಲು ಬದಿಗಿಡಿ, ಮೊದಲ ತಿಂಗಳಲ್ಲೇ ಬೇಕಾಗುತ್ತದೆ.

ಮನೆಗೆ ತಂದ ಮೊದಲ ತಿಂಗಳು

ಹಿಂದಿನವರು ಏನೇ ಹೇಳಲಿ, ಎಲ್ಲ ಎಣ್ಣೆ ಬದಲಿಸಿ: ಎಂಜಿನ್, ಗೇರ್‌ಬಾಕ್ಸ್, ಡಿಫರೆನ್ಷಿಯಲ್, ಬ್ರೇಕ್ ಆಯಿಲ್, ಕೂಲಂಟ್. ಜೊತೆಗೆ ಆಯಿಲ್ ಫಿಲ್ಟರ್, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್. ಮುಂದಿನ ಲೆಕ್ಕಕ್ಕೆಲ್ಲ ಇದೇ ಶುರು. ಯಾವ ದರ್ಜೆಯ ಆಯಿಲ್ ಎಂಬುದು ಕಂಪನಿಯ ಪುಸ್ತಕದಲ್ಲಿದೆ. ಡಿಪಿಎಫ್ ಇರುವ ಗಾಡಿಗೆ ಅದಕ್ಕೆಂದೇ ಇರುವ ಆಯಿಲ್ ಹಾಕದಿದ್ದರೆ ಫಿಲ್ಟರ್ ಕೆಡುತ್ತದೆ. ರೇಡಿಯೇಟರಿಗೆ ಬಾವಿನೀರು ಬೇಡ. ಕರಾವಳಿಯ ಬಾವಿಗಳಲ್ಲಿ ಎಷ್ಟೋ ಕಡೆ ಉಪ್ಪಿನಂಶ, ಕೆಲವೆಡೆ ಕಬ್ಬಿಣದಂಶ ಇರುತ್ತದೆ, ಅದು ಒಳಗಿನಿಂದಲೇ ತಿನ್ನುತ್ತದೆ. ಡಿಸ್ಟಿಲ್ಡ್ ವಾಟರಿನಲ್ಲಿ ಕೂಲಂಟ್ ಬೆರೆಸಿ ಹಾಕಿ.

ಬಹಳಷ್ಟು ಡೀಸೆಲ್ ಪಿಕಪ್ಪುಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪ್ ಆಲ್ಟರ್ನೇಟರಿನ ಹಿಂಬದಿಗೇ ಇರುತ್ತದೆ. ಅಲ್ಲಿ ಆಯಿಲ್ ಸೋರುತ್ತಿದ್ದರೆ ಬ್ರೇಕ್ ಗಟ್ಟಿಯಾಗುತ್ತಾ ಬರುತ್ತದೆ, ಬ್ಯಾಟರಿ ಚಾರ್ಜೂ ಕುಂದುತ್ತದೆ. ಇವೆರಡೂ ಒಟ್ಟಿಗೆ ಕಂಡರೆ ಮೊದಲು ಅಲ್ಲಿ ನೋಡಿಸಿ.

ಉಪ್ಪು ಮತ್ತು ಮಳೆ

ಬಂದರಿಗೆ ಹೋಗಿ ಬಂದ ದಿನವೇ ಗಾಡಿಯ ಅಡಿಭಾಗವನ್ನು ಸಿಹಿನೀರಿನಿಂದ ತೊಳೆಯಿರಿ. ಮೇಲ್ಭಾಗ ಹೊಳೆಯುವಂತೆ ಉಜ್ಜುವುದು ಆಮೇಲೆ. ಚಾಸಿಸ್ ತೊಲೆಯ ಒಳಗೆ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ, ಕೆಸರು ಕಟ್ಟಿದ್ದರೆ ತಂತಿಯಿಂದ ಬಿಡಿಸಿ. ಅಲ್ಲಿ ನಿಂತ ನೀರೇ ತುಕ್ಕಿನ ಮೂಲ. ಮೇ ತಿಂಗಳ ಬಿಸಿಲಿನಲ್ಲಿ, ಎಲ್ಲ ಚೆನ್ನಾಗಿ ಒಣಗಿರುವಾಗ, ತುಕ್ಕು ಕೆರೆದು ರೆಡ್ ಆಕ್ಸೈಡ್ ಹೊಡೆದು ಅದರ ಮೇಲೆ ಪೇಂಟ್ ಕೊಡಿ. ಒದ್ದೆ ತುಕ್ಕಿನ ಮೇಲೆ ಕೋಟಿಂಗ್ ಹೊಡೆಸಿದರೆ ತುಕ್ಕಿಗೆ ಹೊದಿಕೆ ಹೊದಿಸಿದಂತೆ. ಹಳೇ ಎಂಜಿನ್ ಆಯಿಲನ್ನು ಅಡಿಗೆ ಸಿಂಪಡಿಸುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. ಅದು ಬ್ರೇಕ್ ಹೋಸಿಗೆ, ರಬ್ಬರ್ ಬುಷ್ಷಿಗೆ ತಗುಲಿ ಅವು ಮೆತ್ತಗಾಗುತ್ತವೆ, ಉಳಿದದ್ದು ಮಳೆಯಲ್ಲಿ ತೊಳೆದು ತೋಟಕ್ಕೆ, ಬಾವಿಗೆ ಹೋಗುತ್ತದೆ.

ಮಳೆಗಾಲದಲ್ಲಿ ಗ್ರೀಸ್ ಹೊಡೆಸುವುದನ್ನು ಹದಿನೈದು ದಿನಕ್ಕೊಮ್ಮೆ ಇಟ್ಟುಕೊಳ್ಳಿ: ಕ್ರಾಸ್, ಪ್ಲೇಟಿನ ಪಿನ್, ಗ್ರೀಸ್ ನಿಪ್ಪಲ್ ಇರುವ ಎಲ್ಲ ಜಾಯಿಂಟು. ಹಳೇ ಗ್ರೀಸ್ ಹೊರಬಂದು ಹೊಸದು ಕಾಣುವವರೆಗೂ ಹೊಡೆಯಬೇಕು. ಹೊಳೆ ದಾಟಿ, ಹಳ್ಳ ದಾಟಿ ಚಕ್ರದ ಮಟ್ಟಕ್ಕೆ ನೀರಿನಲ್ಲಿ ಹೋಗಿದ್ದರೆ ವೀಲ್ ಬೇರಿಂಗ್ ಬಿಚ್ಚಿ ತೊಳೆದು ಗ್ರೀಸ್ ತುಂಬಿಸಿ, ಡಿಫರೆನ್ಷಿಯಲ್ ಆಯಿಲಿನ ಬಣ್ಣ ನೋಡಿ. ಎಂಜಿನ್ನಿನ ಗಾಳಿ ಎಳೆಯುವ ಬಾಯಿಯವರೆಗೆ ನೀರು ಬರುವಂತಿದ್ದರೆ ದಾಟಲೇಬೇಡಿ. ನೀರಿನ ನಡುವೆ ಎಂಜಿನ್ ನಿಂತರೆ ಸೆಲ್ಫ್ ಹೊಡೆಯಬೇಡಿ; ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ.

ಡೀಸೆಲ್ ಫಿಲ್ಟರಿನ ಕೆಳಗೆ ನೀರು ಬಿಡುವ ತಿರುಪು ಇರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಅದನ್ನು ಸಡಿಲಿಸಿ, ಕೆಳಗೆ ಒಂದು ಗಾಜಿನ ಲೋಟ ಹಿಡಿಯಿರಿ. ನೀರು ತಳಕ್ಕೆ ಕೂತು ಡೀಸೆಲ್ ಮೇಲೆ ನಿಲ್ಲುತ್ತದೆ, ಗೆರೆ ಕಣ್ಣಿಗೆ ಕಾಣುತ್ತದೆ. ಶುದ್ಧ ಡೀಸೆಲ್ ಬರುವವರೆಗೂ ಬಿಡಿ. ಟ್ಯಾಂಕ್ ತಳ ಕಾಣುವವರೆಗೆ ಓಡಿಸುವ ಅಭ್ಯಾಸ ಮಳೆಗಾಲದಲ್ಲಿ ಬೇಡ. ಖಾಲಿ ಟ್ಯಾಂಕಿನ ತೇವದ ಗಾಳಿ ತಣಿದು ನೀರಾಗುತ್ತದೆ. ಕಾಮನ್ ರೈಲ್ ಗಾಡಿಯ ಇಂಜೆಕ್ಟರಿಗೆ ನೀರಿಗಿಂತ ದೊಡ್ಡ ಶತ್ರುವಿಲ್ಲ.

ಘಟ್ಟ ಇಳಿಯುವಾಗ

ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿ ದೇವಿಮನೆ, ಅರಬೈಲ್, ಗೇರುಸೊಪ್ಪೆ ಘಟ್ಟ ಇಳಿಯುವವರನ್ನು ಈಗಲೂ ನೋಡುತ್ತೇನೆ. ದಯವಿಟ್ಟು ಬೇಡ. ಕಾಮನ್ ರೈಲ್ ಎಂಜಿನ್ನಿನಲ್ಲಿ ಗೇರಿನಲ್ಲಿದ್ದು ಆಕ್ಸಲರೇಟರ್ ಬಿಟ್ಟಾಗ ಡೀಸೆಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಐಡಲ್ ಓಡಲು ಡೀಸೆಲ್ ಬೇಕು. ಉಳಿತಾಯವೂ ಇಲ್ಲ, ಹಿಡಿತವೂ ಇಲ್ಲ. ಎಂಜಿನ್ ಆಫ್ ಮಾಡಿದರಂತೂ ವ್ಯಾಕ್ಯೂಮ್ ಪಂಪ್ ನಿಂತು ಎರಡು ಮೂರು ಸಲ ಒತ್ತುವುದರೊಳಗೆ ಬ್ರೇಕ್ ಕಲ್ಲಾಗುತ್ತದೆ.

ಲೋಡಿನಲ್ಲಿ ಆ ಘಟ್ಟವನ್ನು ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರಿನಲ್ಲಿ ಇಳಿಯಿರಿ, ಇಳುಕಲು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ. ಬ್ರೇಕಿನ ಮೇಲೆ ಕಾಲು ಊರಿಕೊಂಡೇ ಇರಬೇಡಿ. ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಬಿಡಿ. ಸುಟ್ಟ ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ ತಣಿಯಲು ಬಿಡಿ. ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ, ಬಿರುಕು ಬಿಡುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ತೇವ ಸೇರಿದ ಆಯಿಲ್ ಬಿಸಿಯಲ್ಲಿ ಕುದಿದು ಪೆಡಲ್ ಪೊಳ್ಳಾಗುತ್ತದೆ. ನಮ್ಮ ಹವೆಯಲ್ಲಿ ಎರಡು ವರ್ಷ ದಾಟಿಸಬೇಡಿ. ಏರು ಹತ್ತಿ ನಿಲ್ಲಿಸಿದಾಗ ಒಂದೆರಡು ನಿಮಿಷ ಐಡಲ್‌ನಲ್ಲಿ ಬಿಟ್ಟು ಆಮೇಲೆ ಆಫ್ ಮಾಡಿದರೆ ಟರ್ಬೋ ಬಾಳುತ್ತದೆ.

ಎಷ್ಟು ಹೇರಬೇಕು

ಆರ್‌ಸಿಯಲ್ಲಿರುವ ಒಟ್ಟು ತೂಕದಿಂದ ಖಾಲಿ ತೂಕ ಕಳೆಯಿರಿ, ಉಳಿದದ್ದು ನಿಮ್ಮ ಲೋಡು. ಅದರಲ್ಲಿ ಡ್ರೈವರ್, ಪಕ್ಕ ಕೂತವರೂ ಸೇರಿದ್ದಾರೆ. ಚಿರೆಕಲ್ಲಿನ ಲೆಕ್ಕವನ್ನು ಕಲ್ಲಿನ ಸಂಖ್ಯೆಯಲ್ಲಿ ಹಾಕಬೇಡಿ, ಒಂದು ಕಲ್ಲು ತೂಗಿ ನೋಡಿ. ಕಲ್ಲು 30 ಕಿಲೋ ಬಂದರೆ 40 ಕಲ್ಲಿಗೇ 1,200 ಕಿಲೋ. ಮಳೆಯಲ್ಲಿ ನೆಂದ ಕಲ್ಲು ಇನ್ನೂ ಭಾರ. ಹಸಿ ಅಡಿಕೆ ಗೊನೆ, ಹಸಿ ಸೊಪ್ಪು, ಸೆಗಣಿ ಗೊಬ್ಬರಕ್ಕೂ ಇದೇ ಮಾತು.

ಅಡಿಕೆ ಕೊನೆಕೊಯ್ಲಿನ ಕಾಲದಲ್ಲಿ ಕೆಲಸದವರನ್ನು ಹಿಂದೆ ನಿಲ್ಲಿಸಿಕೊಂಡು ಹೋಗುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸರಕು ಗಾಡಿಯ ಹಿಂದೆ ಜನ ಕೂರುವಂತಿಲ್ಲ, ಏನಾದರೂ ಆದರೆ ಇನ್ಶೂರೆನ್ಸ್ ಕಂಪನಿ ಕೈ ಚೆಲ್ಲುತ್ತದೆ, ಒಂದು ಕುಟುಂಬದ ದುಡಿಯುವ ಕೈ ಹೋಗುತ್ತದೆ. ಬಸ್ ಇಲ್ಲದ ಕಡೆ ಕ್ಯಾಬಿನ್ನಿನಲ್ಲಿ ಹಿಡಿಯುವಷ್ಟು ಜನರನ್ನು ಎರಡು ಟ್ರಿಪ್ಪಿನಲ್ಲಿ ಕರೆತನ್ನಿ, ಇಲ್ಲವೇ ಜೀಪು ಗೊತ್ತುಮಾಡಿ.

ಗಾಡಿ ನಿಂತಿರುವಾಗ

ಮಳೆಗಾಲದಲ್ಲಿ ತೋಟದ ಗಾಡಿ ವಾರಗಟ್ಟಲೆ ಕೊಟ್ಟಿಗೆಯ ಪಕ್ಕದಲ್ಲೇ ನಿಲ್ಲುತ್ತದೆ. ಬರೀ ಸ್ಟಾರ್ಟ್ ಮಾಡಿ ಐದು ನಿಮಿಷಕ್ಕೆ ಆಫ್ ಮಾಡಿದರೆ ಬ್ಯಾಟರಿ ತುಂಬುವುದಿಲ್ಲ, ಸೈಲೆನ್ಸರಿನೊಳಗೆ ನೀರು ನಿಲ್ಲುತ್ತದೆ. ವಾರಕ್ಕೊಮ್ಮೆ ಅರ್ಧ ಗಂಟೆ ಓಡಿಸಿ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ತೇವಕ್ಕೆ ಬ್ರೇಕ್ ಲೈನರ್ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟಿನಲ್ಲಿ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಬ್ಯಾಟರಿ ಟರ್ಮಿನಲ್ಲಿಗೆ ವ್ಯಾಸಲೀನ್ ಸವರಿ. ಮಲೆನಾಡಿನ ಇಲಿಗಳು ಬೆಚ್ಚಗಿನ ಬಾನೆಟ್ ಹುಡುಕಿಕೊಂಡು ಬಂದು ವಯರ್ ಕಡಿಯುತ್ತವೆ. ಭತ್ತದ ಚೀಲ, ಹಿಂಡಿ ಚೀಲದಿಂದ ದೂರ ನಿಲ್ಲಿಸಿ, ರಾತ್ರಿ ಬಾನೆಟ್ ಎತ್ತಿಟ್ಟರೆ ಒಳಗೆ ಬೆಳಕು ಗಾಳಿ ಆಡಿ ಅವು ಗೂಡು ಕಟ್ಟುವುದು ಕಡಿಮೆ. ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡುವುದನ್ನು ಮರೆಯಬೇಡಿ, ಒಣಸೊಪ್ಪು, ಹತ್ತಿಚೂರು ತಂದು ಅವು ಗೂಡು ಮಾಡುವುದು ಬಹಳ ಸಲ ಅದರೊಳಗೇ.